ಕೊನೆಗೂ ನಮ್ಮ ಎರಡನೇ ಕವರ್ ತೆರೆಯಿತು

ಸರಬರಾಜು ಆದೇಶ ಕೈಗೆ ಬಂದು ಇವತ್ತಿಗೆ 16 ದಿನ. 140 ಸರ್ಕಾರಿ ಪ್ರೌಢಶಾಲೆ, ಶಾಲೆಗೆ ಎರಡರಂತೆ 280 ವಿಜ್ಞಾನ ಕಿಟ್. ಪೀಣ್ಯದ ನಮ್ಮ ಶೆಡ್‌ನಲ್ಲಿ ಕಾಲಿಡಲು ಜಾಗವಿಲ್ಲ. ಹೋದ ವರ್ಷ ಇಂಥದ್ದೇ ಟೆಂಡರ್‌ಗೆ ಹಾಕಿದ್ದೆವು. ಆಗ ನಮ್ಮ ದರ ಎಷ್ಟು ಅಂತ ಯಾರೂ ನೋಡಲೇ ಇಲ್ಲ. ಬಿಡ್‌ಗೆ ಎರಡು ಕವರ್: ಮೊದಲನೆಯದು ತಾಂತ್ರಿಕ, ಅದರಲ್ಲಿ ಪಾಸಾದರೆ ಮಾತ್ರ ಎರಡನೆಯದು, ಅಂದರೆ ದರದ್ದು, ತೆರೆಯುತ್ತಾರೆ. ತಾಂತ್ರಿಕ ಕವರ್‌ನಲ್ಲೇ ಹೊರಗೆ ಬಿದ್ದೆವು, ದರದ ಕವರ್ ಮುಚ್ಚಿದ್ದು ಮುಚ್ಚಿದ ಹಾಗೇ ಉಳಿಯಿತು. ಕಾರಣ ಅಂಗೈ ಅಗಲದ ಒಂದು ಗಾಜಿನ ತುಂಡು. ಅದರ ಕಥೆಯನ್ನೇ ಇವತ್ತು ಬರೆಯುತ್ತೇನೆ.

ಕೆಪಿಪಿಪಿ (ರಾಜ್ಯದ ಟೆಂಡರ್ ಪೋರ್ಟಲ್) ನೋಂದಣಿ, ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್, ಉದ್ಯಮ್ (ಸಣ್ಣ ಉದ್ದಿಮೆ) ಪ್ರಮಾಣಪತ್ರ, ಮೂರು ವರ್ಷದ ಆಡಿಟ್ ಲೆಕ್ಕ, ಇಎಂಡಿ (ಬಿಡ್ ಜತೆ ಕಟ್ಟುವ ಠೇವಣಿ), ಹಿಂದಿನ ಸರಬರಾಜಿನ ಪತ್ರಗಳು ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಹೋದ ವರ್ಷದ ಸ್ಪೆಕ್‌ನಲ್ಲಿ (ಸಾಮಾನು ಹೇಗಿರಬೇಕು ಎಂಬ ಪಟ್ಟಿ) ಒಂದು ಸಾಲಿತ್ತು: "ಪೀನ ಮಸೂರ, ವ್ಯಾಸ 50 ಮಿ.ಮೀ., ಸಂಗಮದೂರ 10 ಸೆಂ.ಮೀ." ಅಷ್ಟೇ. ಎಷ್ಟು ಹೆಚ್ಚು ಕಡಿಮೆ ಆಗಬಹುದು ಅಂತ ಪ್ಲಸ್ ಇಲ್ಲ, ಮೈನಸ್ ಇಲ್ಲ. (ಸಂಗಮದೂರ ಅಂದರೆ ಫೋಕಲ್ ಲೆಂತ್: ತುಂಬಾ ದೂರದ ವಸ್ತುವಿನ ಬಿಂಬ ಮಸೂರದಿಂದ ಎಷ್ಟು ದೂರದಲ್ಲಿ ಸ್ಪಷ್ಟವಾಗಿ ಮೂಡುತ್ತದೋ ಅದು.) ನಾವು ಹರಿಯಾಣದ ಅಂಬಾಲಾದಿಂದ ತರಿಸಿದ ಮಸೂರವನ್ನು ಸ್ಯಾಂಪಲ್ ಕಿಟ್‌ನಲ್ಲಿಟ್ಟು ಕೊಟ್ಟೆವು. ಪರೀಕ್ಷಾ ವರದಿಯಲ್ಲಿ ಬಂದದ್ದು 9.6. ಸ್ಯಾಂಪಲ್ ತಿರಸ್ಕೃತ. ಉಳಿದ 27 ಸಾಮಾನು ಸರಿಯಿದ್ದವು, ಪೆಟ್ಟಿಗೆಯ ಕೀಲು ಸಮೇತ. ಒಂದೇ ಸಾಲಿಗೆ ಇಡೀ ಬಿಡ್ ಹೋಯಿತು. ಇಎಂಡಿ ವಾಪಸ್ ಬರಲು ಮತ್ತೆ ನಾಲ್ಕು ತಿಂಗಳು ಆಯಿತು. ಆ ನಾಲ್ಕು ತಿಂಗಳು ನಮ್ಮಂಥ ಸಣ್ಣ ಅಂಗಡಿಗೆ ಎಷ್ಟು ಭಾರ ಅಂತ ಹಾಕಿದವರಿಗೇ ಗೊತ್ತು.

ಮೇಲ್ಮನವಿ ಹಾಕು ಅಂತ ಇಬ್ಬರು ಗೆಳೆಯರು ಹೇಳಿದರು. ಕೆಟಿಪಿಪಿ ಕಾಯ್ದೆಯ (ರಾಜ್ಯದ ಸರ್ಕಾರಿ ಖರೀದಿ ಕಾನೂನು) 16ನೇ ಸೆಕ್ಷನ್‌ನಲ್ಲಿ 30 ದಿನದೊಳಗೆ ಹಾಕಬಹುದು. ನಾವು ಹಾಕಲಿಲ್ಲ. 10 ಕೇಳಿದರು, ನಾವು ಕೊಟ್ಟದ್ದು 9.6. ವರದಿಯಲ್ಲಿ ತಪ್ಪೇನಿದೆ? ನನಗೆ ತಲೆ ಕೆಟ್ಟದ್ದು ಬೇರೆ ಕಾರಣಕ್ಕೆ. ಆ ಮಸೂರದ ಮೇಲೆ "10" ಅಂತ ಚೀಟಿ ಇತ್ತು, ಸಪ್ಲೈಯರ್ ಆಣೆ ಮಾಡಿ ಹೇಳಿದ್ದ, ಹಾಗಾದರೆ ಆ 4 ಮಿಲಿಮೀಟರ್ ಎಲ್ಲಿ ಹೋಯಿತು?

ಈ ಸಪ್ಲೈಯರ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಅಂಬಾಲಾ ಇಲ್ಲದೆ ನಮ್ಮ ದೇಶದ ಶಾಲಾ ಪ್ರಯೋಗಾಲಯ ನಡೆಯುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ನಮ್ಮ ಪಾಲಿಗೆ ಬಂದವರು ಗಾಜನ್ನು ಒಂದೇ ಪದರ ಪೇಪರ್‌ನಲ್ಲಿ ಸುತ್ತಿ ಕಳಿಸುತ್ತಾರೆ. ಅಂಚು ಒಡೆದಿರುತ್ತದೆ. ಬಿಲ್‌ನಲ್ಲಿ ಎಚ್‌ಎಸ್‌ಎನ್ (ಜಿಎಸ್‌ಟಿಯ ಸರಕು ಸಂಕೇತ) ಒಂದು ಸಲ 9001, ಇನ್ನೊಂದು ಸಲ 9023. ಫೋನ್ ಮಾಡಿದರೆ "ನಾಳೆ ಲಾರಿಗೆ ಹಾಕುತ್ತೇನೆ". ಆ ನಾಳೆ ಕೆಲವು ಸಲ ಮೂರು ವಾರದ ನಂತರ ಬರುತ್ತದೆ. ಫೋಕಲ್ ಲೆಂತ್ ಸರಿಯಿಲ್ಲ ಅಂದಾಗ ಅವರು ವಾದ ಮಾಡಲಿಲ್ಲ, ಒಂದು ವಿಡಿಯೊ ಕಳಿಸಿದರು. ಅಂಗಡಿಯ ಸೂರಿನಲ್ಲಿ ಟ್ಯೂಬ್‌ಲೈಟ್. ಕೆಳಗೆ ನೆಲದ ಮೇಲೆ ಸ್ಕೇಲ್ ನಿಲ್ಲಿಸಿ, ಮಸೂರ ಹಿಡಿದು, ಟ್ಯೂಬ್‌ನ ಬಿಂಬ ಗೆರೆಯ ಹಾಗೆ ಸ್ಪಷ್ಟವಾಗಿ ಮೂಡಿಸಿದರು. ಸ್ಕೇಲ್ ಹತ್ತಿರದಿಂದ ತೋರಿಸಿದರು. ಸರಿಯಾಗಿ 10.

ಒಂದು ವಾರ ನಾನು ಆ ವಿಡಿಯೊವನ್ನು ಎಷ್ಟು ಸಲ ನೋಡಿದೆನೋ. ಅವರ ಕೈಯಲ್ಲಿ 10, ಲ್ಯಾಬ್‌ನಲ್ಲಿ 9.6. ಎರಡೂ ಕಣ್ಣೆದುರಿಗೇ ಇವೆ.

ಗಂಟು ಬಿಡಿಸಿದ್ದು ನಮ್ಮ ಬೀದಿಯ ಮೇಷ್ಟ್ರು. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು, ಸಂಜೆ ವಾಕಿಂಗ್ ಮುಗಿಸಿ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾರೆ. ವಿಡಿಯೊ ತೋರಿಸಿದೆ. ಒಂದೇ ಸಲ ನೋಡಿ ಕೇಳಿದರು: "ಏನಪ್ಪಾ, ದೂರದ ವಸ್ತು ಅಂದರೆ ಎಷ್ಟು ದೂರ?"

"ಅನಂತ ದೂರ ಸಾರ್."

"ಮತ್ತೆ ಆ ಟ್ಯೂಬ್‌ಲೈಟ್ ಎಷ್ಟು ದೂರದಲ್ಲಿದೆ? ಅನಂತದಲ್ಲೇನು ಅದನ್ನು ತೂಗು ಹಾಕಿದ್ದಾರೆಯೇ?"

ಅತ್ತಿಗೆ ಒಳಗಿಂದ ನಕ್ಕಿದ್ದು ಕೇಳಿಸಿತು. ನಾನು ಪೆನ್ನು ತಗೊಂಡೆ. ಸೂರಿನಿಂದ ಮಸೂರದವರೆಗೆ ಸುಮಾರು ಎಂಟು ಅಡಿ, ಅಂದರೆ ಎರಡೂವರೆ ಮೀಟರ್. ನಿಜವಾದ ಸಂಗಮದೂರ 9.6 ಇರುವ ಮಸೂರ ಎರಡೂವರೆ ಮೀಟರ್ ದೂರದ ದೀಪದ ಬಿಂಬವನ್ನು ಎಲ್ಲಿ ಮೂಡಿಸುತ್ತದೆ? ಹತ್ತನೇ ತರಗತಿಯ ಮಸೂರದ ಸೂತ್ರ ಹಾಕಿ ನೋಡಿ. ಸರಿಯಾಗಿ 10 ಸೆಂಟಿಮೀಟರ್‌ನಲ್ಲಿ! ಆ ಮನುಷ್ಯ ಸುಳ್ಳು ಹೇಳಿರಲೇ ಇಲ್ಲ. ಅವರ ಸೂರಿನ ಎತ್ತರ ಆ ತಪ್ಪನ್ನು ಮುಚ್ಚಿ ಹಾಕುತ್ತಿತ್ತು, ಬಹುಶಃ ಎಷ್ಟೋ ವರ್ಷದಿಂದ.

ತಪ್ಪು ಹುಟ್ಟಿದ್ದು ಎಲ್ಲಿ ಅಂತಲೂ ಅದೇ ರಾತ್ರಿ ಗೊತ್ತಾಯಿತು. ಎರಡೂ ಕಡೆ ಒಂದೇ ಉಬ್ಬು ಇರುವ ಮಸೂರದಲ್ಲಿ, ಗಾಜಿನ ವಕ್ರೀಭವನ ಸೂಚ್ಯಂಕ (ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಸಂಖ್ಯೆ) 1.5 ಇದ್ದರೆ, ಉಬ್ಬಿನ ವಕ್ರತಾ ತ್ರಿಜ್ಯ ಎಷ್ಟೋ ಸಂಗಮದೂರವೂ ಅಷ್ಟೇ. ಅದಕ್ಕೇ ಅವರು 10 ಸೆಂ.ಮೀ. ತ್ರಿಜ್ಯದ ಉಜ್ಜುವ ಅಚ್ಚು ಇಟ್ಟುಕೊಂಡಿದ್ದಾರೆ. ಆದರೆ ಸಾಮಾನ್ಯವಾಗಿ ಸಿಗುವ ಗಾಜು 1.52. ಅಷ್ಟೇ ಅಷ್ಟು ವ್ಯತ್ಯಾಸಕ್ಕೆ ಸಂಗಮದೂರ 9.6ಕ್ಕೆ ಇಳಿಯುತ್ತದೆ. ಸರಿ ಮಾಡಬೇಕಾದರೆ 10.4 ತ್ರಿಜ್ಯದ ಹೊಸ ಅಚ್ಚು ಬೇಕು. ನಮ್ಮ ಮುನ್ನೂರು ಪೀಸಿಗೆ ಯಾರು ಮಾಡಿಕೊಡುತ್ತಾರೆ?

ಮರುದಿನ ಬೆಳಗ್ಗೆ ಶೆಡ್‌ನ ಮೇಲೆ ಹತ್ತಿ, ದೂರದ ಮೆಟ್ರೊ ಮೇಲ್ಸೇತುವೆಯ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಹಿಡಿದೆವು. ಪುಟ್ಟ ಸೇತುವೆ, ಅದರ ಮೇಲೆ ತಲೆಕೆಳಗಾಗಿ ಓಡುವ ಪುಟ್ಟ ರೈಲು. 9.6, ಮತ್ತೆ 9.6, ಒಂದು 9.5. ನಮ್ಮ ಹುಡುಗರು ಕೆಲಸ ಬಿಟ್ಟು ಸಾಲಾಗಿ ನಿಂತು ನೋಡಿದರು. ಯಾರಿಗೂ ಬಯ್ಯಲು ಮನಸ್ಸಾಗಲಿಲ್ಲ. ಆ ಖುಷಿ ಪ್ರತಿ ಶಾಲೆಯ ಮಕ್ಕಳಿಗೂ ಸಿಗಬೇಕು, ಅಲ್ವಾ?

ಅಲ್ಲೇ ಮೇಲೆ ನಿಂತಾಗ ಮುಂದಿನ ಪ್ರಾಜೆಕ್ಟ್ ಹೊಳೆಯಿತು. ನೋಡಲಾಗದ ಮಕ್ಕಳು ಈ ಪಾಠವನ್ನು ಹೇಗೆ ಕಲಿಯುತ್ತಾರೆ? ಮರದ ಹಲಗೆ, ಅದರಲ್ಲಿ ಮಸೂರದ ಆಕಾರದ ಉಬ್ಬು, ಕಿರಣಗಳ ಬದಲು ಎಳೆದು ಕಟ್ಟಿದ ದಾರ, ಸಂಗಮದಲ್ಲಿ ಒಂದು ಗುಂಡು ಮೊಳೆ. ಬೆರಳಿನಲ್ಲಿ ದಾರ ಹಿಡಿದು ಹೋದರೆ ಎಲ್ಲ ಕಿರಣವೂ ಬಂದು ಮೊಳೆಗೆ ಸೇರಬೇಕು. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕಾ ಸಾಮಗ್ರಿಗೆ ಅವಕಾಶವಿದೆ. ಮೊದಲ ಹಲಗೆ ಅರ್ಧ ಆಗಿದೆ. ದಾರ ಸಡಿಲವಾಗುತ್ತಿದೆ, ಗಿಟಾರಿನ ಕಿವಿ ತರಹದ ತಿರುಪು ಹಾಕಿ ನೋಡಬೇಕು ಅಂತಿದ್ದೇನೆ. ಅದು ಇನ್ನೊಂದು ದಿನ.

ಈ ವರ್ಷ ಬೇರೆ ಕಚೇರಿಯಿಂದ ಟೆಂಡರ್ ಬಂತು. ಸ್ಪೆಕ್ ತೆರೆದ ಕೂಡಲೇ ಆ ಸಾಲು ಹುಡುಕಿದೆ. ಅದೇ ಸಾಲು, ಅದೇ ಪದಗಳು, ಅದೇ 10. ಬಾಯಿ ಒಣಗಿತು. ಈ ಸಲ ಮಾತ್ರ ಸುಮ್ನೆ ಕೂರಲಿಲ್ಲ. ಬಿಡ್ ಹಾಕುವ ಮೊದಲು ಕಚೇರಿ ಕರೆಯುವ ಪ್ರೀ-ಬಿಡ್ ಸಭೆಗೆ ಮೊದಲೇ ಮೂರು ಪ್ರಶ್ನೆ ಬರೆದು ಕಳಿಸಿದೆವು. ಒಂದು, ಸಂಗಮದೂರಕ್ಕೆ ಶೇ 5ರಷ್ಟು ಹೆಚ್ಚು ಕಡಿಮೆ ಒಪ್ಪುತ್ತೀರಾ? ಎರಡು, ಯಾವ ವಿಧಾನದಲ್ಲಿ ಅಳೆಯುತ್ತೀರಿ? ದೂರದ ವಸ್ತು ಅಂದರೆ ಕನಿಷ್ಠ 25 ಮೀಟರ್ ಅಂತ ಬರೆಯಿರಿ. ಮೂರು, ಪ್ರತಿ ಮಸೂರದ ಹಿಡಿಯ ಮೇಲೆ ಅಳೆದ ನಿಜವಾದ ಸಂಖ್ಯೆ ಇರಬೇಕು ಅಂತ ಸೇರಿಸಿ.

ಪ್ರಶ್ನೆ ಕೇಳಿದರೆ ಕಚೇರಿಯವರ ಕಣ್ಣಿಗೆ ಬೀಳುತ್ತೀಯ, ಆಮೇಲೆ ತೊಂದರೆ ಅಂತ ನಮ್ಮಲ್ಲಿ ಎಷ್ಟು ಜನ ನಂಬಿದ್ದಾರೆ. ನನ್ನ ಅನುಭವ ಹಾಗಿಲ್ಲ. ಸಭೆಯಲ್ಲಿ ಒಬ್ಬ ಬಿಡ್ಡರ್ ಗೊಣಗಿದರು ನಿಜ, "ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ?" ಆಗ ಮಸೂರ, ಸ್ಕೇಲ್ ಎರಡನ್ನೂ ಬ್ಯಾಗಿನಿಂದ ತೆಗೆದೆ. ಮೊದಲು ಕೋಣೆಯ ಟ್ಯೂಬ್‌ಲೈಟ್, ಆಮೇಲೆ ಕಿಟಕಿಯಾಚೆ ದೂರದ ಕಟ್ಟಡ. ಒಂದೇ ಗಾಜು, ಎರಡು ಅಳತೆ. ತಾಂತ್ರಿಕ ಸಮಿತಿಯ ಮೇಡಂ ಕುರ್ಚಿ ಬಿಟ್ಟು ಕಿಟಕಿಯ ಹತ್ತಿರ ಬಂದು ತಾವೇ ಹಿಡಿದು ನೋಡಿದರು. ಇನ್ನೂ ಹತ್ತು ನಿಮಿಷ ಅಲ್ಲೇ ನಿಂತಿದ್ದೆವು.

ಆರು ದಿನದ ಮೇಲೆ ಪೋರ್ಟಲ್‌ನಲ್ಲಿ ತಿದ್ದುಪಡಿ ಬಂತು. ಶೇ 5 ಒಪ್ಪಿದ್ದರು. ಅಳೆಯುವ ವಿಧಾನವನ್ನೂ ಬರೆದಿದ್ದರು. ಮೂರನೆಯದಕ್ಕೆ ಉತ್ತರ "ಟೆಂಡರ್ ಷರತ್ತಿನಂತೆ". ಅಂದರೆ ಇಲ್ಲ. ಇರಲಿ. ತಿದ್ದುಪಡಿ ಎಲ್ಲ ಬಿಡ್ಡರ್‌ಗಳಿಗೂ ಒಂದೇ, ನಮಗೊಬ್ಬರಿಗೇ ಲಾಭ ಅಂತಲ್ಲ. ಆದರೆ ಹೊರಗೆ ಹಾಕಿದರೆ ಯಾಕೆ ಹಾಕಿದರು ಅಂತ ಸಂಖ್ಯೆಯಲ್ಲಿ ಗೊತ್ತಾಗುತ್ತದೆ, ಒಳಗೆ ಉಳಿಯಲು ಏನು ಮಾಡಬೇಕು ಅಂತಲೂ ಗೊತ್ತಾಗುತ್ತದೆ.

ಮೂರನೆಯದನ್ನು ನಾವು ನಾವಾಗಿಯೇ ಮಾಡುತ್ತಿದ್ದೇವೆ. ಯಾಕೆ ಅಂದರೆ, ಮಗು ಮೇಣದಬತ್ತಿಯನ್ನು 10ರ ಮಸೂರದಿಂದ 20 ಸೆಂ.ಮೀ.ನಲ್ಲಿ, ಅಂದರೆ ಸಂಗಮದೂರದ ಎರಡು ಪಟ್ಟು ದೂರದಲ್ಲಿ, ಇಟ್ಟರೆ ಬಿಂಬವೂ 20ರಲ್ಲಿ ಬರಬೇಕು ಅಂತ ಪಾಠ ಹೇಳುತ್ತದೆ. 9.6ರ ಮಸೂರದಲ್ಲಿ ಅದು 18.5ರಲ್ಲಿ ಬರುತ್ತದೆ. ಮಗು ಏನಂದುಕೊಳ್ಳುತ್ತದೆ? ತಾನೇ ತಪ್ಪು ಮಾಡಿದೆ ಅಂತ. ನೋಟ್‌ಬುಕ್ಕಿನಲ್ಲಿ 20 ಅಂತ ಬರೆದುಬಿಡುತ್ತದೆ. ಮೇಷ್ಟ್ರು ಹೇಳಿದರು, ಮೂವತ್ತು ವರ್ಷ ಇದನ್ನೇ ನೋಡಿದೆ, ಮಕ್ಕಳು ಕಣ್ಣಿಗೆ ಕಂಡದ್ದನ್ನು ಬಿಟ್ಟು ಪುಸ್ತಕದಲ್ಲಿರುವುದನ್ನು ಬರೆಯುತ್ತಾರೆ ಅಂತ. ಹಿಡಿಯ ಮೇಲೆ 9.6 ಅಂತ ಇದ್ದರೆ ಬತ್ತಿಯನ್ನು 19.2ರಲ್ಲಿಡಬಹುದು, ಬಿಂಬವೂ 19.2ರಲ್ಲಿ ಸಿಗುತ್ತದೆ. ಈ ಒಂದು ಸಂಖ್ಯೆ ಬರೆಯಲು ನಮಗೆ ಏನು ಖರ್ಚು?

ಖರ್ಚು ಅಂದರೆ ಒಂದು ಮಸೂರಕ್ಕೆ ಒಂದು ನಿಮಿಷ. ಅದಕ್ಕೆ ಜಿಗ್, ಅಂದರೆ ಅಳೆಯುವ ಚೌಕಟ್ಟು, ಮಾಡಿದೆವು. ಎಸ್‌ಪಿ ರೋಡಿನಿಂದ ಎಲ್‌ಇಡಿ, ಉಳಿಕೆ ಅಲ್ಯೂಮಿನಿಯಂ ಚಾನೆಲ್. ದೀಪಕ್ಕೂ ಪರದೆಗೂ ನಡುವೆ 50 ಸೆಂ.ಮೀ., ಅದು ಅಲುಗಾಡುವುದಿಲ್ಲ. ಮಸೂರವನ್ನು ಜಾರಿಸುತ್ತಾ ಹೋದರೆ ಎರಡು ಜಾಗದಲ್ಲಿ ಬಿಂಬ ಸ್ಪಷ್ಟವಾಗುತ್ತದೆ. ಆ ಎರಡು ಜಾಗದ ನಡುವಿನ ದೂರ 22.4 ಬಂದರೆ ಸಂಗಮದೂರ ಸರಿಯಾಗಿ 10. 24.5 ಬಂದರೆ 9.5, 20 ಬಂದರೆ 10.5. ಅಂದರೆ 20ರಿಂದ 24.5ರವರೆಗೆ ಪಾಸು. ಚಾನೆಲ್ ಮೇಲೆ ಅಷ್ಟಕ್ಕೆ ಹಸಿರು ಬಣ್ಣ ಬಳಿದಿದ್ದೇವೆ. ಮಸೂರದ ಮಧ್ಯಭಾಗ ಎಲ್ಲಿದೆ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ, ಕಾಣುವ ದೂರದ ವಸ್ತು ಬೇಕಿಲ್ಲ, ಮಳೆ ಬಂದರೂ ಕೆಲಸ ನಿಲ್ಲುವುದಿಲ್ಲ. ಮಾಡಿಕೊಳ್ಳಿ, ಅರ್ಧ ದಿನದ ಕೆಲಸ.

ದರದ ವಿಷಯ ಚಿಕ್ಕದಾಗಿ. ಐದು ಬಿಡ್‌ನಲ್ಲಿ ಮೂರು ತಾಂತ್ರಿಕವಾಗಿ ಪಾಸಾದವು. ನಾವು ಎಲ್1, ಅಂದರೆ ಎಲ್ಲರಿಗಿಂತ ಕಡಿಮೆ ದರದವರು, ಎರಡನೆಯವರಿಗಿಂತ ಕಿಟ್‌ಗೆ 38 ರೂಪಾಯಿ ಕಡಿಮೆ. ಜಿಗ್‌ನಲ್ಲಿ ಕೂರುವ ಹುಡುಗನ ಕೂಲಿ, 140 ಶಾಲೆಗೆ ವ್ಯಾನ್, ಇಳಿಸುವ ಕೂಲಿ, ಮುಖ್ಯ ಶಿಕ್ಷಕರ ಸಹಿ ಸೀಲು ಸಿಗದೆ ಎರಡನೇ ಸಲ ಹೋಗುವ ಡೀಸೆಲ್, ಎಲ್ಲ ಸೇರಿಸಿಯೇ ಹಾಕಿದ್ದು. ಚಲನ್ ಮೇಲೆ ಸೀಲು ಇಲ್ಲದಿದ್ದರೆ ಬಿಲ್ ಮುಂದೆ ಹೋಗುವುದಿಲ್ಲ, ಆದ್ದರಿಂದ ಆ ಎರಡನೇ ಸಲದ ಖರ್ಚು ಯಾರೂ ಬಿಡಬೇಡಿ. ಹಣ ತಡವಾದರೆ 2006ರ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೆಯಲ್ಲಿ 45 ದಿನದ ಮಿತಿಯಿದೆ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಅಲ್ಲಿಯವರೆಗೆ ಹೋಗದಿರಲಿ ಅಂತ ಆಸೆ.

ಈಗಿನ ಸ್ಥಿತಿ: 320 ಮಸೂರ ಬಂದಿತ್ತು. ಜಿಗ್‌ನಲ್ಲಿ 61 ಹಸಿರು ಪಟ್ಟಿಯ ಹೊರಗೆ ಹೋದವು. ಉಳಿದದ್ದು 259, ಬೇಕಾದದ್ದು 280. ಸಪ್ಲೈಯರ್‌ಗೆ ಲೆಕ್ಕ, ಸೂತ್ರ, ಜಿಗ್‌ನ ಫೋಟೊ ಎಲ್ಲ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಫೋನ್ ಬಂತು, ಬಯ್ಗುಳಕ್ಕೆ ತಯಾರಾಗಿಯೇ ಎತ್ತಿದೆ. ಅವರು ಕೇಳಿದ್ದು ಒಂದೇ: "ಆ ಚಾನೆಲ್ ಉದ್ದ ಎಷ್ಟು ಇಟ್ಟಿದ್ದೀರಿ?" ಜಿಗ್ ಮಾಡಿಕೊಳ್ಳುತ್ತಾರಂತೆ. 61 ಪೀಸಿನ ಹಣದ ಮಾತು ಮಾತ್ರ ಇನ್ನೂ ಎತ್ತಿಲ್ಲ.

ಉಳಿದ 21ಕ್ಕೆ ಬೇರೆ ಕಡೆ 40 ಪೀಸ್ ಹೇಳಿದ್ದೇನೆ, ನಾಳೆ ಪಾರ್ಸೆಲ್ ಬರಬೇಕು. ಸ್ಯಾಂಪಲ್ ಅಂತ ಮೊದಲೇ ಕಳಿಸಿದ್ದ ಒಂದನ್ನು ಈಗಷ್ಟೇ ಜಿಗ್‌ಗೆ ಹಾಕಿದೆ. ಎರಡು ಜಾಗದ ನಡುವೆ 22.9. ಲೆಕ್ಕ ಹಾಕಿದರೆ 9.9.