ನೋಡದೇ ಪಾಠ ಮಾಡಿದ ಗ್ರಹಣ

ಶಿಕಾಗೋ ಕಡೆಯಿಂದ ಇಂಡಿಯಾನಾದ ವಿನ್‌ಸೆನ್ಸ್ ಊರಿಗೆ ಹೋಗುವವರು ಗಡಿಯಾರದ ಮೇಲೊಂದು ಕಣ್ಣಿಡಿ. 41ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋಗುತ್ತಿದ್ದರೆ ಕೆಂಟ್‌ಲ್ಯಾಂಡ್ ದಾಟಿದ ಮೇಲೆ, ಖಾಲಿ ಬಿದ್ದ ಗೋವಿನಜೋಳದ ಹೊಲಗಳ ನಡುವೆ ಎಲ್ಲೋ, ಸದ್ದಿಲ್ಲದೆ ಒಂದು ತಾಸು ಕಳೆದುಹೋಗುತ್ತದೆ. ಅಲ್ಲಿಂದ ಪೂರ್ವದ ಕಾಲಮಾನ. ಫೋನಿಗೆ ಇದು ಗೊತ್ತಾಗುತ್ತದೆ, ನಮ್ಮ ಹಳೇ ಕಾರಿಗೆ ಗೊತ್ತಾಗಲಿಲ್ಲ. ನಾನು ನೋಡುತ್ತಿದ್ದದ್ದು ಕಾರಿನ ಗಡಿಯಾರ.

2024ರ ಏಪ್ರಿಲ್ 8, ಸೋಮವಾರ. ಯುಗಾದಿ ಹಿಂದಿನ ಅಮಾವಾಸ್ಯೆ. ಸಂಪೂರ್ಣ ಸೂರ್ಯಗ್ರಹಣ ಮೂರು ಗಂಟೆ ಎರಡು ನಿಮಿಷಕ್ಕೆ ಎಂದು ಬಾಯಿಪಾಠ ಮಾಡಿಕೊಂಡಿದ್ದೆ, ಆ ಮೂರು ಗಂಟೆ ಯಾರದು ಎಂದು ಕೇಳಿಕೊಂಡಿರಲಿಲ್ಲ. ಹಾಗಾಗಿ ಬೆಳಿಗ್ಗೆ ಏಳೂವರೆಗೆ ಆರಾಮಾಗಿ ಮನೆ ಬಿಟ್ಟೆವು. ದಾರಿಯಲ್ಲಿ ಟೆರ ಹೋಟ್ ಎಂಬ ಊರಿನಲ್ಲಿ ಕಾರು ನಿಲ್ಲಿಸಿ, ಅವ್ವ ಕಟ್ಟಿಕೊಂಡು ಬಂದಿದ್ದ ಚಪಾತಿ, ಶೇಂಗಾ ಚಟ್ನಿ ತಿಂದು, ಚಹಾ ಬೇರೆ ಹುಡುಕುತ್ತಾ ಕೂತೆವು. ಫೋನ್ ತೆಗೆದಾಗ ಎದೆ ಝಲ್ಲೆಂದಿತು.

ಒಂದು ದಿನ ಮೊದಲೇ ಹೋಗಿ ಉಳಿಯುವುದೆಂದು ಅಕ್ಟೋಬರಿನಲ್ಲೇ ಅಲ್ಲೊಂದು ಮೋಟೆಲ್‌ನಲ್ಲಿ ಕೋಣೆ ಕಾದಿರಿಸಿದ್ದೆ. ಮಾರ್ಚಿನಲ್ಲಿ "ತಾಂತ್ರಿಕ ತೊಂದರೆ" ಎಂದು ರದ್ದು ಮಾಡಿದರು. ಮರುದಿನ ಅದೇ ಕೋಣೆ ನಾಲ್ಕು ಪಟ್ಟು ದರಕ್ಕೆ ಮತ್ತೆ ಕಾಣಿಸಿತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಗಂಡ, "ಶಿಕಾಗೋದಲ್ಲೇ ತೊಂಬತ್ನಾಲ್ಕು ಪರ್ಸೆಂಟ್ ಮುಚ್ಚುತ್ತಲ್ಲ, ಅಂಗಳದಲ್ಲೇ ನೋಡಿ" ಅಂದ. ಅದಕ್ಕೆ ಅಪ್ಪ, "ತೊಂಬತ್ನಾಲ್ಕು ಅಂದ್ರ ಮದುವಿ ಮನಿ ಬಾಗಲ ತನಕಾ ಹೋಗಿ ಉಣ್ಣದ ಬಂದಂಗ" ಅಂದ. ಗದಗ ಹತ್ತಿರದ ಹಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದವನು. ಅಮೆರಿಕಕ್ಕೆ ಬರುವ ತಿಂಗಳನ್ನು ಆರಿಸಿದ್ದೇ ಈ ಅಮಾವಾಸ್ಯೆ ನೋಡಿ. ಮೊಮ್ಮಗನನ್ನು ನೋಡಬೇಕು ಅನ್ನುವುದೆಲ್ಲ ಅವ್ವನ ಕಾರಣ.

ವಿನ್‌ಸೆನ್ಸ್ ತಲುಪುವ ಹೊತ್ತಿಗೆ ಸೂರ್ಯನ ಬಲತುದಿಯಲ್ಲಿ ಆಗಲೇ ಸಣ್ಣ ಕಚ್ಚು ಬಿದ್ದಿತ್ತು. ಊರು 1732ರಷ್ಟು ಹಳೆಯದು, ಇಂಡಿಯಾನಾದಲ್ಲೇ ಎಲ್ಲಕ್ಕಿಂತ ಹಳೆಯದು ಅನ್ನುತ್ತಾರೆ. ನಾನು ಕಂಡದ್ದು ದೂರದಿಂದ ಒಂದು ದುಂಡನೆಯ ಕಂಬಗಳ ಸ್ಮಾರಕ ಮತ್ತು ವಾಬಾಶ್ ನದಿಯ ದಡದ ಹುಲ್ಲು, ಅಷ್ಟೇ. ನದಿಯಾಚೆ ಇಲಿನಾಯ್. ಜನವೋ ಜನ, ಆದರೆ ನೂಕುನುಗ್ಗಲಿಲ್ಲ. ಮಡಿಚುವ ಕುರ್ಚಿ, ನಾಯಿ, ಟ್ರೈಪಾಡು. ಗ್ರಹಣದ ಟೀಶರ್ಟು, ನಡುವೆ ಕಪ್ಪು ಕ್ರೀಮ್ ತುಂಬಿದ ಗ್ರಹಣದ ಡೋನಟ್ಟು ಮಾರುವವರೂ ಇದ್ದರು, ಯಾರೋ ದೊಡ್ಡದಾಗಿ ಹಾಡು ಬೇರೆ ಹಚ್ಚಿದ್ದರು. ಆಕಾಶ ನೋಡಲು ಬಂದವರಿಗೆ ಡ್ರಮ್ಮಿನ ಸದ್ದು ಯಾಕೆ ಬೇಕೋ. ಮೋಡ ಮಾತ್ರ ನಮ್ಮ ಕಡೆಗಿತ್ತು: ತುಂಬ ಎತ್ತರದಲ್ಲಿ ಹತ್ತಿ ಎಳೆದಂಥ ತೆಳುವಾದ ಪೊರೆ ಬಿಟ್ಟರೆ ಏನೂ ಇಲ್ಲ.

ಅವ್ವ ಬೂಂದಿ ಝಾರಿ ತಂದಿದ್ದಳು. ಅಪ್ಪನೇ ಹೇಳಿ ತರಿಸಿದ್ದು. ಬಿಳಿ ಹಾಸಿಗೆ ಹೊದಿಕೆ ಹುಲ್ಲಿನ ಮೇಲೆ ಹಾಸಿ, ಅದರ ಮೇಲೆ ಝಾರಿ ಹಿಡಿದರೆ ಒಂದೊಂದು ತೂತಿಗೂ ಒಂದೊಂದು ಸೂರ್ಯ. ತೂತು ದುಂಡಗಿದ್ದರೂ ಕೆಳಗೆ ಬಿದ್ದದ್ದೆಲ್ಲ ಕುಡುಗೋಲು. ನನ್ನ ಮಗ ಎಣಿಸುತ್ತಾ ಕೂತ. ಪಕ್ಕದ ಕುರ್ಚಿಯ ಅಜ್ಜಿಯೊಬ್ಬರು ಬಂದು ಝಾರಿಯ ಫೋಟೋ ತೆಗೆದುಕೊಂಡು, ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅವ್ವ "ಗದಗ" ಅಂದಳು.

ಅಪ್ಪ ಮಾತ್ರ ಹೊದಿಕೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತವನು ಮೇಲೆ ನೋಡಲೇ ಇಲ್ಲ.

"ಇದನ್ನ ನೋಡೀನಿ ನಾ," ಅಂದ.

"ಎಲ್ಲಿ?"

"ಮನ್ಯಾಗ. ನೆಲದ ಮ್ಯಾಲ."

1980ರ ಫೆಬ್ರವರಿ 16ರ ಸಂಪೂರ್ಣ ಗ್ರಹಣದ ಮಾತು ನಮ್ಮ ಮನೆಯಲ್ಲಿ ಹೊಸದಲ್ಲ. ಅಂಕೋಲಾ ಕಡೆಯಿಂದ ನೆಲ ಹತ್ತಿದ ಆ ನೆರಳು ಹುಬ್ಬಳ್ಳಿ, ಗದಗ, ರಾಯಚೂರು ದಾಟಿ ಆಂಧ್ರದ ಕಡೆ ಹೋಯಿತು. ದೇಶವಿದೇಶದ ವಿಜ್ಞಾನಿಗಳು ಬಂದು ಬಿಡಾರ ಹೂಡಿದ್ದರು. ಅಪ್ಪ ಈ ಪಾಠ ಮಾಡುವುದನ್ನು ನಾನೇ ಅದೇ ಶಾಲೆಯಲ್ಲಿ ಕೂತು ಕೇಳಿದ್ದೇನೆ. ಹಕ್ಕಿಗಳು ಗೂಡಿಗೆ ಹೋದವು, ಹಾಡಹಗಲೇ ನಡುರಾತ್ರಿ ಆಯಿತು, ಕಪ್ಪು ಸೂರ್ಯನ ಸುತ್ತ ಬಂಗಾರದ ಬಳೆ ಹೊಳೆಯಿತು. ಕೇಳಿ ಮೈ ಜುಮ್ಮೆನ್ನುತ್ತಿತ್ತು.

"ಹೊರಗ ಇರಲಿಲ್ಲೇನು ನೀ?"

"ನಿಮ್ಮಜ್ಜಿ ಬಿಟ್ಟಿದ್ರ ಇರ್ತಿದ್ದೆ." ಝಾರಿಯನ್ನು ಅವ್ವನ ಕೈಯಿಂದ ತಾನೇ ತೆಗೆದುಕೊಂಡ. "ಶನಿವಾರ. ಮುಂಜಾನಿ ಸಾಲಿ. ಬೋರ್ಡಿನ ಮ್ಯಾಲ ಚಿತ್ರ ತಗದು, ಅಂಜಬ್ಯಾಡ್ರಿ, ಇದು ಬರೇ ನೆರಳು ಅಂತ ಹುಡುಗ್ರಿಗೆ ಹೇಳಿ ಮನಿಗೆ ಬಂದೆ. ನಿಮ್ಮಜ್ಜಿ ಕಿಡಕಿಗೆಲ್ಲ ಕಂಬಳಿ ಕಟ್ಟಿದ್ಲು. ಪರಾತಕ್ಕ ನೀರು ಹಾಕಿ ಒನಕಿ ನಿಂದ್ರಿಸಿದ್ಲು. ಹೊರಗ ಹ್ವಾದ್ರ ನನ್ನ ಹೆಣ ದಾಟಿ ಹೋಗು ಅಂತ ಹೊಸ್ತಿಲಿಗೆ ಅಡ್ಡ ಮಲಗಿದ್ಲು. ಇಪ್ಪತ್ನಾಕು ವರ್ಷ ನನಗ. ನೌಕರಿ ಹತ್ತಿ ಆರು ತಿಂಗಳಾಗಿತ್ತು. ದಾಟಲಿಲ್ಲ."

"ಮತ್ತ?"

"ಪಡುವಲ ಬಾಗಲದ ಹಲಗಿಯೊಳಗ ಗಂಟು ಉದುರಿದ್ದ ತೂತಿತ್ತು. ಅದರಾಗಿಂದ ಬಿಸಿಲು ನೆಲಕ್ಕ ಬೀಳತಿತ್ತು, ಎಂಟಾಣಿ ನಾಣ್ಯದಷ್ಟು. ನೋಡ್ತೀನಿ, ಎಂಟಾಣಿ ಅರ್ಧ ಆತು. ಆಮ್ಯಾಲ ಉಗುರಾತು. ಆಮ್ಯಾಲ ಎಳಿ. ಆಮ್ಯಾಲ ಅದೂ ಇಲ್ಲ. ಮನ್ಯಾಗ ಕೈ ಕಾಣದಂಗಾತು. ನಾ ಎಣಿಸಿದೆ. ಒಂದ್ನೂರಾ ಅರವತ್ತರ ತನಕಾ ಬಂದಿದ್ದೆ, ಮತ್ತ ಎಳಿ ಬಂತು, ಈ ಸಲ ಆ ಕಡೆ ಬಾಜೂಕ."

"ಒನಕಿ?"

"ನಿಂತಿತ್ತವಾ. ಅದೇನು, ಯಾವಾಗ್ಲೂ ನಿಂದರತೈತಿ."

ಸೋಮವಾರ ಶಾಲೆಗೆ ಹೋದರೆ ಕೊನೇ ಬೆಂಚಿನ ಕುರಿ ಕಾಯುವ ಹುಡುಗನೊಬ್ಬ ಎದ್ದು, "ಸರ, ನೀವೂ ನೋಡಿದ್ರ್ಯಾ?" ಎಂದು ಕೇಳಿದನಂತೆ. ಅವನು ಕುರಿಗಳ ಜೊತೆ ಬಯಲಲ್ಲೇ ಇದ್ದವನು. ಅಪ್ಪ ಹೂಂ ಅಂದ. ಒಮ್ಮೆ ಹೂಂ ಅಂದಮೇಲೆ ಮುಂದಿನ ವರ್ಷವೂ ಅನ್ನಬೇಕಾಯಿತು. ಪುಸ್ತಕದಲ್ಲಿ ಓದಿದ್ದಕ್ಕೆ ಬಣ್ಣ ಹಚ್ಚಿ, ನಿವೃತ್ತಿ ಆಗುವ ತನಕ ಅದನ್ನೇ ಹೇಳಿದ.

"ನಿನಗೂ ಹೇಳೀನಿ," ಅಂದ, ನನ್ನ ಕಡೆ ನೋಡದೆ.

ಏನು ಅನ್ನಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಬಿಸಿಲಿನ ಬಣ್ಣ ಕೆಟ್ಟಿತ್ತು. ಸಂಜೆಯ ಹಾಗೆ ಕೆಂಪಾಗಲಿಲ್ಲ; ಸೀಸದ ಹಾಗೆ, ಹಳೇ ಸ್ಟೀಲ್ ಪಾತ್ರೆಯ ಹಾಗೆ. ನಮ್ಮ ನೆರಳಿನ ಅಂಚು ಬ್ಲೇಡಿನಿಂದ ಕೊಯ್ದಂತೆ ಚೂಪಾಗಿ, ಅಪ್ಪನ ತಲೆಯ ಒಂದೊಂದು ಕೂದಲೂ ಹೊದಿಕೆಯ ಮೇಲೆ ಬೇರೆ ಬೇರೆ ಕಾಣುತ್ತಿತ್ತು. ಚಳಿಯಾಯಿತು. ಅವ್ವ ಶಾಲು ಹೊದ್ದಳು. ಆ ಹಾಡು ಹಚ್ಚಿದ್ದವರು ಕೂಡ ನಿಲ್ಲಿಸಿದರು, ಪುಣ್ಯ ಬರಲಿ ಅವರಿಗೆ. ನದಿಯಾಚೆಯಿಂದ, ಮಳೆಯಿಲ್ಲದ ಮಳೆಮೋಡದ ಹಾಗೆ, ಕತ್ತಲು ಎದ್ದು ಬಂತು.

ಆಮೇಲೆ ಯಾರೋ ಸ್ವಿಚ್ ಆರಿಸಿದಂತಾಯಿತು. ಜನ ಕೂಗಿದರು. ಅಪ್ಪ ಕನ್ನಡಕ ಹಾಕಿಕೊಂಡೇ ನಿಂತು "ಏನೂ ಕಾಣವಲ್ದಲ್ಲ" ಅನ್ನುತ್ತಿದ್ದ. ನಾನೇ ಕಿತ್ತು ತೆಗೆದೆ. ಇದನ್ನು ನೆನಪಿಡಿ: ಸೂರ್ಯನ ಎಳೆಯಷ್ಟು ಕಂಡರೂ ಗ್ರಹಣದ ಕನ್ನಡಕ ಬೇಕೇ ಬೇಕು, ಪೂರ್ತಿ ಮುಚ್ಚಿದ ಆ ನಾಲ್ಕು ನಿಮಿಷ ಮಾತ್ರ ಅದನ್ನು ತೆಗೆಯಬೇಕು. ಹಾಕಿಕೊಂಡೇ ಇದ್ದರೆ ನಾನೂರು ಕಿಲೋಮೀಟರು ಬಂದು ಕಪ್ಪು ಪ್ಲಾಸ್ಟಿಕ್ಕು ನೋಡಿದಂತೆ.

ಕಪ್ಪು ಬಿಲ್ಲೆ. ಅದರ ಸುತ್ತ ಬೆಳ್ಳನೆಯ ನಾರು, ಬಿಡಿಸಿದ ಹತ್ತಿಯಂತೆ ಎಲ್ಲ ದಿಕ್ಕಿಗೂ ಚಾಚಿತ್ತು. ಬಂಗಾರವಲ್ಲ, ಬಳೆಯೂ ಅಲ್ಲ. ಬಿಲ್ಲೆಯ ಕೆಳತುದಿಯಲ್ಲಿ ಗುಲಾಬಿ ಬಣ್ಣದ ಒಂದು ಚುಕ್ಕೆ, ಬರಿಗಣ್ಣಿಗೇ ಕಾಣುವಷ್ಟು. ಕುಂಕುಮ ಇಡಲು ಹೋಗಿ ಬೆರಳು ಜಾರಿದ ಹಾಗೆ. ಅದು ಸೂರ್ಯನ ಅಂಚಿನಿಂದ ಚಿಮ್ಮಿದ ಅನಿಲದ ಜ್ವಾಲೆ ಅಂತ ಅಪ್ಪನೇ ಆಮೇಲೆ ಹೇಳಿದ. ಬಲಕ್ಕೆ ಕೆಳಗೆ ಶುಕ್ರ, ಎಡಕ್ಕೆ ಮೇಲೆ ಗುರು. ದಿಗಂತದಲ್ಲಿ ಯಾವ ಕಡೆ ತಿರುಗಿದರೂ ಮುಳುಗುವ ಹೊತ್ತಿನ ಕಿತ್ತಳೆ. ಮಗ ನನ್ನ ಕೈ ಬಿಗಿಯಾಗಿ ಹಿಡಿದಿದ್ದ. ಅವ್ವ ಏನೋ ಹೇಳಿಕೊಳ್ಳುತ್ತಿದ್ದಳು, ಸ್ತೋತ್ರವೋ ಎಣಿಕೆಯೋ. ನಾನು ಒಂದೂ ಫೋಟೋ ತೆಗೆಯಲಿಲ್ಲ, ತೆಗೆಯಬೇಕೆಂದು ನೆನಪೇ ಆಗಲಿಲ್ಲ.

ಬಲ ಅಂಚಿನಲ್ಲಿ ಒಂದು ಕಿಡಿ ಒಡೆಯಿತು. ಮುಗಿಯಿತು.

"ನಡುರಾತ್ರಿ ಅಲ್ಲವಾ," ಅಂದ ಅಪ್ಪ, ಸ್ವಲ್ಪ ಹೊತ್ತು ಬಿಟ್ಟು. "ನೀಲಿ. ನೀಲಿ ಐತಿ. ನಾ ಅಷ್ಟೂ ಹುಡುಗ್ರಿಗೆ ಕಪ್ಪು ಅಂತ ಹೇಳೀನಿ."

ಗ್ರಹಣ ಬಿಡುವ ತನಕ ಅವ್ವ ಬುತ್ತಿ ಬಿಚ್ಚಗೊಡಲಿಲ್ಲ. ಚಪಾತಿ ಡಬ್ಬಿಯಲ್ಲಿ ದರ್ಭೆ ಬೇರೆ. ಭಾರತದಲ್ಲಿ ಕಾಣದ ಗ್ರಹಣಕ್ಕೆ ಆಚರಣೆ ಇಲ್ಲವೆಂದು ಪಂಚಾಂಗದವರು ಹೇಳಿದ್ದರೂ, "ಇಲ್ಲಿ ಕಂಡೈತಲ್ಲ" ಅನ್ನುವ ಅವಳ ತರ್ಕಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಾಲ್ಕೂವರೆಗೆ ತಿಂದು ಹೊರಟೆವು, ಅದೇ ತಪ್ಪು. ನೋಡಿದವರೆಲ್ಲ ಆಗಲೇ ರಸ್ತೆಯಲ್ಲಿದ್ದರು. ಹೋಗುವಾಗ ಐದು ತಾಸಿನ ದಾರಿ, ಬರುವಾಗ ಒಂಬತ್ತಾಯಿತು. ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಮುಕ್ಕಾಲು ಗಂಟೆ ಸಾಲು. ಮುಂದೆ ಯಾರಾದರೂ ಇಂಥದಕ್ಕೆ ಹೋದರೆ ಅಲ್ಲೇ ರಾತ್ರಿ ಉಳಿಯಿರಿ, ಇಲ್ಲವೇ ಕತ್ತಲಾಗುವ ತನಕ ಹುಲ್ಲಿನ ಮೇಲೆ ಮಲಗಿಬಿಡಿ.

ಎಂಟೂವರೆ ಹೊತ್ತಿಗೆ, ಕಾರು ಆಮೆಯಂತೆ ಸರಿಯುತ್ತಿದ್ದಾಗ, ಅಪ್ಪ ಹಿಂದಿನ ಸೀಟಿನಲ್ಲಿ ಫೋನು ಬಾಯಿಗೆ ಹತ್ತಿರ ಹಿಡಿದು ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ದನಿಸಂದೇಶ ಕಳಿಸಿದ. 1980ರ ಗ್ರಹಣ ತಾನು ನೋಡಿರಲಿಲ್ಲ, ಇವತ್ತು ನೋಡಿದ್ದೇನೆ, ಕತ್ತಲೆಯ ಬಣ್ಣ ನೀಲಿ, ಬಳೆ ಬಂಗಾರದ್ದಲ್ಲ, ದಯವಿಟ್ಟು ತಿದ್ದಿಕೊಳ್ಳಬೇಕು. ನೋಟ್ಸ್ ಬರೆಸುವ ಅದೇ ದನಿ. ಪೂರ್ಣವಿರಾಮವನ್ನೂ ಬಾಯಲ್ಲಿ ಹೇಳುತ್ತಾನೇನೋ ಅನಿಸಿತು.

ಗದಗಿನಲ್ಲಿ ಆಗ ಯುಗಾದಿಯ ಬೆಳಗು. ಸಂದೇಶದ ಮೇಲೆ ಬೇವು-ಬೆಲ್ಲದ ಚಿತ್ರಗಳು ಒಂದರ ಹಿಂದೊಂದು ಬಂದು ಬೀಳತೊಡಗಿದವು, ಹೂವು, ಮಾವಿನ ತೋರಣ, ಮಿನುಗುವ ಕಳಶ. ಅಪ್ಪ ಬೆರಳಿನಿಂದ ಮೇಲೆ ಎಳೆದು ತನ್ನದು ಎಲ್ಲಿದೆ ಎಂದು ಹುಡುಕುತ್ತಿದ್ದ. ಕೇಳಿದವರು ಮೂವರು ಅಂತ ತೋರಿಸುತ್ತಿತ್ತು. ಒಬ್ಬ, "ಸರ, ಹಬ್ಬದ ಶುಭಾಶಯಗಳು. ಒಬ್ಬಟ್ಟು ಸಿಕ್ತೇನ್ರಿ ಅಲ್ಲಿ?" ಎಂದು ಬರೆದಿದ್ದ.

"ಮನ್ಯಾಗ ಬೇವಿನ ಹೂವು ಅದಾವೇನ?" ಅವ್ವ ಕೇಳಿದಳು.

"ಫ್ರೀಜರ್‌ನಾಗ ಒಣಗಿದ್ದು ಐತಿ," ಅಂದೆ. ಅಪ್ಪ ಇನ್ನೂ ಹುಡುಕುತ್ತಿದ್ದ.