ಐದನೇ ಅಕ್ಷರ

ಇವತ್ತು ಹಳೇ ಕೋಡ್ ಒಂದನ್ನ ಕ್ಲೀನ್ ಮಾಡ್ತಾ ಕೂತಿದ್ದೆ. ಬ್ಯಾಂಕಿನ ಐಎಫ್‌ಎಸ್‌ಸಿ ಚೆಕ್ ಮಾಡೋ ಫಂಕ್ಷನ್. ಐದನೇ ಅಕ್ಷರ ಇಂಗ್ಲಿಷಿನ ‘ಓ’ ಆಗಿದ್ರೆ ಅದನ್ನ ಸೊನ್ನೆ ಮಾಡೋ ಒಂದು ಸಾಲು. ಇದ್ಯಾಕೆ ಅಂತ ಅಳಿಸೋಕೆ ಹೋದೆ.

ಮೇಲೆ ಕಾಮೆಂಟ್ ಇತ್ತು, ಅಂದ್ರೆ ಕೋಡ್ ಓದೋರಿಗೆ ಅಂತ ಬರೆದಿಡೋ ಟಿಪ್ಪಣಿ: "ತೆಗೀಬೇಡಿ. 11 ಅಕ್ಷರದಲ್ಲಿ ಐದನೇದು ಯಾವಾಗಲೂ ಸೊನ್ನೆ. ಪಾಸ್‌ಬುಕ್ ನೋಡ್ಕೊಂಡು ಟೈಪ್ ಮಾಡೋರು ಓ ಒತ್ತಿಬಿಡ್ತಾರೆ."

ಬರೆದವರು ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು. ಅವರ ಮುಖ ಕೂಡ ನೋಡಿಲ್ಲ ನಾನು. ಆದ್ರೂ ಕೈ ಹಿಡಿದು ನಿಲ್ಲಿಸಿದ ಹಾಗಾಯ್ತು.

ಕಾಮೆಂಟೇ ಬೇಡ ಅನ್ನೋರು ಹೇಳೋ ಹಾಗೆ, ಕೋಡ್ ಏನು ಮಾಡುತ್ತೆ ಅಂತ ಕೋಡೇ ಹೇಳುತ್ತೆ, ನಿಜ. ‘ಇಲ್ಲಿ ಒಂದು ಕೂಡಿಸ್ತೀವಿ’ ಅನ್ನೋ ಥರದ ಕಾಮೆಂಟ್ ನನಗೂ ಬೇಡ. ಆದ್ರೆ ಆ ಪಾಸ್‌ಬುಕ್, ಆ ಓ ಒತ್ತೋ ಬೆರಳು, ಅವು ಯಾವ ಕೋಡಲ್ಲೂ ಕಾಣಲ್ಲ.

ಇಂಡೆಂಟೇಶನ್, ಅಂದ್ರೆ ಸಾಲನ್ನ ಒಳಗೆ ಜರುಗಿಸಿ ಬರೆಯೋದು, ಅದೂ ಓದೋರಿಗೆ ಹೇಳೋ ಮಾತೇ. 2014ರಲ್ಲಿ ಆಪಲ್ ಕೋಡಲ್ಲಿ ಬಯಲಾದ ತಪ್ಪು ನೆನಪಿದೆಯಾ? ‘ಗೋಟು ಫೇಲ್’ (ಮಧ್ಯದ್ದನ್ನ ಬಿಟ್ಟು ಕೊನೆಗೆ ಹಾರು) ಅನ್ನೋ ಸಾಲು ಎರಡು ಸಲ ಬಿದ್ದಿತ್ತು. ಎರಡನೇದೂ ಇಫ್ ಅನ್ನೋ ಷರತ್ತಿನ ಒಳಗೇ ಇರೋ ಹಾಗೆ ಜರುಗಿ ಕೂತಿತ್ತು, ಇದ್ದಿದ್ದು ಹೊರಗೆ, ಷರತ್ತಿಲ್ಲದೇ ನಡೀತಿತ್ತು.

ಆ ಸಾಲನ್ನ ಹಾಗೇ ಬಿಟ್ಟೆ. ಕಾಮೆಂಟ್ ಕೆಳಗೆ ನಂದೂ ಒಂದು ಸೇರಿಸಿದೆ: "ಇವತ್ತೂ ಇಬ್ಬರು ಓ ಒತ್ತಿದ್ದಾರೆ."