ಕರಿ ಬೀರಿನಲ್ಲಿ ಹುಳಿ ಹುಡುಕುತ್ತಾ

ನನ್ನ ಹೆಂಡತಿ ಕುಡಿಯುವುದಿಲ್ಲ, ಮೂಸುತ್ತಾಳೆ. ಹುಬ್ಬಳ್ಳಿಯವಳು. ಅಡುಗೆಮನೆಯಲ್ಲಿ ಒಗ್ಗರಣೆ ಒಂದು ಕ್ಷಣ ಹೆಚ್ಚು ಕಾದರೂ ಮಹಡಿಯಿಂದಲೇ ಹೇಳುವ ಮೂಗು ಅವಳದ್ದು. ಅಮೆರಿಕದ ಮಿಷಿಗನ್‌ನಲ್ಲಿ ಹಣ್ಣು ಹಾಕಿದ ಸ್ಟೌಟ್ ಎಂಬ ಕರಿ ಬೀರು ಹುಡುಕಿಕೊಂಡು ನಾವು ನಾಲ್ಕು ದಿನ ಅಲೆದಾಗ ಲೋಟ ಖಾಲಿ ಮಾಡಿದ್ದು ನಾನು, ಕಾರು ಓಡಿಸಿದ್ದೂ ತೀರ್ಪು ಕೊಟ್ಟಿದ್ದೂ ಅವಳು.

ಶುರುವಾದದ್ದು ಒಂದು ಬಾಟಲಿಯಿಂದ. ಡೆಟ್ರಾಯಿಟ್ ಹೊರವಲಯದ ನೋವೈಯಲ್ಲಿ ನಾವಿದ್ದ ದಿನಗಳು. ವರ್ಷದ ಕೊನೆಯ ಆಫೀಸ್ ಪಾರ್ಟಿಯಲ್ಲಿ ಒಬ್ಬ ಸಹೋದ್ಯೋಗಿ ಕೈಗೆ ಕೊಟ್ಟದ್ದು ಬೆಲ್ಸ್ ಕಂಪನಿಯ ಚೆರ್ರಿ ಸ್ಟೌಟ್. ಚೆರ್ರಿ ಎಂದ ತಕ್ಷಣ ನನಗೆ ನೆನಪಾದದ್ದು ಬೇಕರಿ ಕೇಕಿನ ಮೇಲೆ ಕೂತಿರುವ, ಸಕ್ಕರೆ ಪಾಕದಲ್ಲಿ ಸತ್ತ ಕೆಂಪು ಗುಂಡು. ಹಾಗಾಗಿ ಒಲ್ಲದ ಮನಸ್ಸಿನಿಂದ ಒಂದು ಗುಟುಕು ಹಾಕಿದೆ. ಮೊದಲು ಬಂದದ್ದು ಬರೀ ಕಹಿ, ಡಿಕಾಕ್ಷನ್ನಿನ ತಳದ ಹಾಗೆ. ನುಂಗಿದ ಮೇಲೆ ನಾಲಿಗೆಯ ಹಿಂಬದಿಯಿಂದ ನಿಧಾನಕ್ಕೆ ಒಂದು ಹುಳಿ ಎದ್ದು ಬಂತು. ನಮ್ಮ ಶಿರಸಿ ಕಡೆ ಮುರುಗಲು ಸಿಪ್ಪೆ ಹಾಕಿ ಸಾರು ಮಾಡುತ್ತಾರೆ. ಊಟ ಮುಗಿದು ಕೈ ತೊಳೆದ ಮೇಲೂ ಆ ಸಾರು ಬಾಯಲ್ಲಿ ಕೂತಿರುತ್ತದಲ್ಲ, ಅದೇ ಹುಳಿ. ಕಪ್ಪು ಬೀರಿನೊಳಗೆ ಇದು ಹೇಗೆ ಬಂತು? ಕ್ರಿಸ್‌ಮಸ್ ರಜೆ ಹೇಗೂ ಇತ್ತು, ಹೊರಟೆವು.

ಹೊರಡುವ ಮುಂಚೆ ಬೆಂಗಳೂರಿನ ಗೆಳೆಯನಿಗೆ ಫೋನಿನಲ್ಲಿ ಹೇಳಿದ್ದಕ್ಕೆ ನಕ್ಕ. "ಲೋ, ಬೀರ್ ಕುಡಿಯೋಕೆ ಅಷ್ಟು ದೂರ ಹೋಗಬೇಕೇನೋ? ಇಲ್ಲೇ ಗಲ್ಲಿಗೊಂದು ಇದೆ." ಮಾತು ಸುಳ್ಳಲ್ಲ. ಆದರೆ ಅವನೇ ವಾರವಾರ ಹೋಗುವ ಮ್ಯಾಗ್ರತ್ ರಸ್ತೆಯ ಆರ್ಬರ್ ಬ್ರೂಯಿಂಗ್ ಕಂಪನಿ ಹೆಸರು ಪಡೆದದ್ದು ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಆನ್ ಆರ್ಬರ್‌ನಲ್ಲಿ 1995ರಲ್ಲಿ ಶುರುವಾದ ಬ್ರೂವರಿಯಿಂದ. ಅದು 2012ರ ಕೊನೆಗೆ ಬೆಂಗಳೂರಿಗೆ ಹೋಯಿತು. ಹೀಗೆ ಹೇಳಿದ ಮೇಲೆ ಅವನು ಸುಮ್ಮನಾದ.

ಮೊದಲ ನಿಲ್ದಾಣ ಮಾರ್ಷಲ್. ಐ-94 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಒಂದೂಮುಕ್ಕಾಲು ಗಂಟೆ. ಹಳೇ ಮನೆಗಳ ಚಿಕ್ಕ ಊರು. ಇಲ್ಲಿನ ಡಾರ್ಕ್ ಹಾರ್ಸ್ ಬ್ರೂವರಿಯವರು ಚಳಿಗಾಲಕ್ಕೆಂದು ಸ್ಟೌಟ್‌ಗಳ ಒಂದು ಸರಣಿಯನ್ನೇ ಮಾಡುತ್ತಿದ್ದರು: ಒಂದು ಓಟ್ಸ್‌ದು, ಒಂದು ಹಾಲಿನ ಸಕ್ಕರೆ ಹಾಕಿದ್ದು, ಒಂದು ಹೊಗೆ ಹಾಕಿದ್ದು. ಆ ಸರಣಿಯ ಮೂರನೇ ನಂಬರಿನದೇ ನಾವು ಹುಡುಕಿ ಬಂದ ಟ್ರೆಸ್ ಬ್ಲೂಬೆರಿ ಸ್ಟೌಟ್. ಒಳಗೆ ಕಾಲಿಟ್ಟರೆ ಸೂರಿನ ತುಂಬ ಮಗ್ಗುಗಳು. ನಿತ್ಯದ ಗಿರಾಕಿಗಳದ್ದು, ಸಾಲುಸಾಲಾಗಿ ನೇತುಹಾಕಿದ್ದರು. ಅಡಿಕೆ ಕೊನೆ ಕಟ್ಟಿದ ಅಟ್ಟದ ಕೆಳಗೆ ನಿಂತ ಹಾಗಾಯಿತು. ತಲೆ ತಗ್ಗಿಸಿಯೇ ನಡೆದೆ, ತಗ್ಗಿಸಬೇಕಾದ ಎತ್ತರ ನನ್ನದಲ್ಲದಿದ್ದರೂ.

ಲೋಟ ಬಂತು. ಹೆಂಡತಿ ಮೂಗಿನ ಹತ್ತಿರ ತಂದಳು.

"ಇದು ಹುರಿಹಿಟ್ಟಿನ ವಾಸನಿ ಬರ್ತೈತಿ ನೋಡ್ರಿ."

ಅಲ್ಲಿಯವರೆಗೆ ನಾನು ಓದಿದ್ದ ಬರಹಗಳೆಲ್ಲ ಕಾಫಿ, ಚಾಕೊಲೇಟು ಎಂದು ಬಡಬಡಿಸಿದ್ದವು. ಹುರಿಹಿಟ್ಟು ಅನ್ನುವ ಮಾತು ಎಲ್ಲೂ ಇರಲಿಲ್ಲ, ಆದರೆ ಅದೇ ಸರಿ. ಸ್ಟೌಟ್‌ಗೆ ಕಪ್ಪು ಬಣ್ಣ ಬರುವುದೇ ಹುರಿದ ಬಾರ್ಲಿಯಿಂದ. ಕಾಫಿ ಬೀಜದ ಹಾಗೆ ಕರ್ರಗೆ ಹುರಿದು ಹಾಕುತ್ತಾರೆ, ಒಂದಿಷ್ಟೇ ಹಾಕಿದರೂ ಇಡೀ ಹಂಡೆಗೆ ಮಸಿ ಬಳಿದಂತಾಗುತ್ತದೆ.

ಬ್ಲೂಬೆರಿ? ಹುಡುಕಬೇಕಾಯಿತು. ಶೇ. 4.5 ಆಲ್ಕೋಹಾಲಿನ ತೆಳ್ಳನೆಯ ಸ್ಟೌಟ್ ಅದು. ಎರಡು ಗುಟುಕು ಆದ ಮೇಲೆ ಎಲ್ಲೋ ದೂರದಲ್ಲಿ ಯಾರೋ ನೇರಳೆ ಹಣ್ಣು ತಿಂದ ಹಾಗೆ. ಇದರಲ್ಲಿ ಮಾಡಿದವರ ತಪ್ಪೇನಿಲ್ಲ, ಆ ಹಣ್ಣಿನ ಗುಣವೇ ಅಷ್ಟು. ಹಣ್ಣನ್ನು ಬೀರಿಗೆ ಹಾಕುವುದು ಸಾಮಾನ್ಯವಾಗಿ ಮೊದಲ ಹುದುಗು ಇಳಿದ ಮೇಲೆ. ಹಾಕಿದ ತಕ್ಷಣ ಈಸ್ಟ್ ಮತ್ತೆ ಎದ್ದು ಕೂತು ಹಣ್ಣಿನ ಸಕ್ಕರೆಯನ್ನೆಲ್ಲ ತಿಂದು ಮುಗಿಸುತ್ತದೆ. ಸಿಹಿ ಹೋಗುತ್ತದೆ, ಹುಳಿ, ಒಗರು ಮತ್ತು ಪರಿಮಳ ಉಳಿಯುತ್ತವೆ. ಬ್ಲೂಬೆರಿಯ ರುಚಿ ನಿಂತಿರುವುದೇ ಸಿಹಿಯ ಮೇಲೆ, ಹುಳಿ ಅದಕ್ಕೆ ಅಷ್ಟಕ್ಕಷ್ಟೆ. ಸಿಹಿ ಕಿತ್ತುಕೊಂಡರೆ ಪಾಪ, ಅದರ ಬಳಿ ಉಳಿಯುವುದು ಬಣ್ಣ ಮಾತ್ರ. ಆ ಬಣ್ಣವೂ ಈ ಕಪ್ಪಿನಲ್ಲಿ ಕಾಣುವುದಿಲ್ಲ.

"ಇದಕ್ಕ ಹಣ್ಣು ಹಾಕ್ಯಾರಂತ ಯಾರು ಹೇಳಿದ್ರು ನಿಮಗ?" ಅಂದಳು. ನಾನು ಗೋಡೆಯ ಮೇಲಿನ ಬೋರ್ಡು ತೋರಿಸಿದೆ.

ಮಾರ್ಷಲ್‌ನಿಂದ ಕಲಮಜೂ ಮುಕ್ಕಾಲು ಗಂಟೆ. ಆ ಊರಿಗೆ ಬೀರಿನ ಮಟ್ಟಿಗೆ ಒಂದು ಪುಣ್ಯಕ್ಷೇತ್ರದ ಮರ್ಯಾದೆ ಇದೆ. ಆ ಚೆರ್ರಿ ಸ್ಟೌಟಿನ ಬೆಲ್ಸ್ ಕಂಪನಿ ಕಟ್ಟಿದ ಲ್ಯಾರಿ ಬೆಲ್ ಎಂಬಾತ 1983ರಲ್ಲಿ ಮನೆಯಲ್ಲೇ ಬೀರು ಮಾಡುವವರಿಗೆ ಸಾಮಾನು ಮಾರುವ ಅಂಗಡಿ ಇಟ್ಟಿದ್ದ. 1985ರಲ್ಲಿ 15 ಗ್ಯಾಲನ್ನಿನ ಸೂಪ್ ಪಾತ್ರೆಯಲ್ಲಿ ತಾನೇ ಕುದಿಸಿ ಮಾರಲು ಶುರುಮಾಡಿದ. ನಮ್ಮಲ್ಲಿ ಸಣ್ಣ ಮುಂಜಿಯ ಸಾರು ಅದಕ್ಕಿಂತ ದೊಡ್ಡ ಕೊಪ್ಪರಿಗೆಯಲ್ಲಿ ಆಗುತ್ತದೆ. 1993ರಲ್ಲಿ ಬ್ರೂವರಿಗೆ ಅಂಟಿಕೊಂಡೇ ತೆರೆದ ಎಕ್ಸೆಂಟ್ರಿಕ್ ಕೆಫೆ ಈಗಲೂ ಇದೆ. 2021ರಲ್ಲಿ ಆತ ಕಂಪನಿ ಮಾರಿ ನಿವೃತ್ತನಾದ. ನಾವು ಹೋದದ್ದು ಅದಕ್ಕೂ ಮುಂಚೆ.

ಕೆಫೆಯ ಮಗ್ಗುಲಲ್ಲೇ ರೈಲು ಹಳಿ. ನಾವು ಕೂತಿದ್ದಾಗ ಒಂದು ಗೂಡ್ಸ್ ಗಾಡಿ ಹೋಯಿತು. ಕೊನೆಯ ಡಬ್ಬಿ ಹೋಗುವವರೆಗೂ ಯಾರೂ ಮಾತಾಡಲಿಲ್ಲ. ಮೊದಲು ಹಣ್ಣಿಲ್ಲದ ಕಲಮಜೂ ಸ್ಟೌಟ್ ತರಿಸಿದೆ. ಅದಕ್ಕೆ ಜೇಷ್ಠಮಧು ಹಾಕುತ್ತಾರೆ. ಹೆಂಡತಿ ಮೂಸಿದವಳೇ "ಅಜ್ಜಿ ಡಬ್ಬಿ" ಅಂದಳು. ಗಂಟಲು ಕೆಟ್ಟಾಗ ಅವಳ ಅಜ್ಜಿ ಆ ಬೇರಿನ ಚೂರು ಬಾಯಿಗಿಡುತ್ತಿದ್ದಳಂತೆ. ಆಮೇಲೆ ಚೆರ್ರಿ ಸ್ಟೌಟ್ ಬಂತು, ಶೇ. 7ರದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಕುಡಿದಾಗ ಚೆರ್ರಿ ಏನು ಮಾಡುತ್ತದೆಂದು ತಿಳಿಯಿತು. ಲೋಟವನ್ನು ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಕುಂಕುಮ ಕಲಸಿದ ನೀರಿನಂಥ ಒಂದು ಗೆರೆ. ಬಾಯಲ್ಲಿ ಹುರಿದ ಬಾರ್ಲಿಯ ಕಹಿ ಇನ್ನೇನು ಜಾಸ್ತಿಯಾಯಿತು ಅನ್ನುವಾಗ ಹುಳಿ ಬಂದು ಅದರ ಕೈ ಹಿಡಿಯುತ್ತದೆ. ಹಾಗಲಕಾಯಿ ಗೊಜ್ಜಿಗೆ ಹುಣಸೆ ಹಾಕುವುದು ಇದೇ ಲೆಕ್ಕದಲ್ಲಿ ಅಲ್ಲವೇ? ಕೊನೆಯಲ್ಲಿ ಸಣ್ಣಗೆ ಬಾದಾಮಿಯ ವಾಸನೆ. ಅದು ಚೆರ್ರಿ ಓಟೆಯ ಗುಣ.

ಬಡಿಸುತ್ತಿದ್ದ ಹುಡುಗಿಯನ್ನು ಕೇಳಿದ್ದಕ್ಕೆ, ಹಣ್ಣು ಟ್ರಾವರ್ಸ್ ಸಿಟಿ ಕಡೆಯದ್ದು, ಮಾನ್‌ಮೊರೆನ್ಸಿ ಎಂಬ ಹುಳಿ ಜಾತಿ ಅಂದಳು. ಆರು ಬಾಟಲಿಯ ಒಂದು ಪ್ಯಾಕ್ ಕಾರಿನ ಡಿಕ್ಕಿಗೆ ಹಾಕಿಕೊಂಡೆ. ಇದರ ಕಥೆ ಆಮೇಲೆ.

ಮರುದಿನ ಹಾಲೆಂಡ್. ಡಚ್ಚರು ಕಟ್ಟಿದ ಊರು, ಹೆಸರೂ ಅದೇ. ರಾತ್ರಿಯಿಡೀ ಹಿಮ ಬಿದ್ದು ದಾರಿಯುದ್ದಕ್ಕೂ ಬಿಳಿ ಗೋಡೆ ಎದ್ದಿತ್ತು. ಊರ ನಡುವಿನ ಏಯ್ತ್ ಸ್ಟ್ರೀಟ್‌ಗೆ ಬಂದರೆ ರಸ್ತೆಯೂ ಫುಟ್‌ಪಾತೂ ಮಳೆ ಬಂದು ನಿಂತ ಹಾಗೆ ಒದ್ದೆ, ಒಂದು ಚೂರು ಹಿಮ ಇಲ್ಲ. ನೆಲದಡಿ ಪೈಪು ಹಾಸಿ, ವಿದ್ಯುತ್ ಸ್ಥಾವರದಿಂದ ವ್ಯರ್ಥವಾಗುತ್ತಿದ್ದ ಬಿಸಿನೀರನ್ನು ಹರಿಸುತ್ತಾರಂತೆ. 1988ರಿಂದ ಹೀಗೇ. ಹೆಂಡತಿ ಕೈಗವಸು ತೆಗೆದು, ಬಗ್ಗಿ ಫುಟ್‌ಪಾತ್ ಮುಟ್ಟಿ ನೋಡಿದಳು. ಈ ಇಡೀ ಪ್ರವಾಸದಲ್ಲಿ ಅವಳಿಗೆ ನಿಜವಾಗಿ ಇಷ್ಟವಾದ ಜಾಗ ಇದೊಂದೇ. ಅದೇ ಬೀದಿಯ ನ್ಯೂ ಹಾಲೆಂಡ್ ಬ್ರೂವರಿಯಲ್ಲಿ ಡ್ರ್ಯಾಗನ್ಸ್ ಮಿಲ್ಕ್ ಎಂಬ ಸ್ಟೌಟ್ ಕುಡಿದೆ. ಬೂರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ಮಾಗಿಸಿದ್ದು, ಶೇ. 11. ಹಣ್ಣಿಲ್ಲ, ಅದಕ್ಕೆ ಬೇಕೂ ಇಲ್ಲ. ಮಧ್ಯಾಹ್ನ ಕಾರಲ್ಲಿ ಗೊರಕೆ ಹೊಡೆದೆನಂತೆ.

ಉತ್ತರದ ದಾರಿಯಲ್ಲಿ ಒಂದು ಊರಿನ ಒಂದು ಕಡೆ, ಹೆಸರು ಬೇಡ, ರಾಸ್ಪ್‌ಬೆರಿ ಸ್ಟೌಟ್ ಎಂದು ಕೊಟ್ಟದ್ದನ್ನು ಬಾಯಿಗಿಟ್ಟ ಕೂಡಲೇ ಕೆಳಗಿಟ್ಟೆ. "ಕೆಮ್ಮಿನ ಔಷಧ ಐತ್ರಿ ಇದು" ಎಂದು ಹೆಂಡತಿ ಮೂರಡಿ ದೂರದಿಂದಲೇ ಹೇಳಿದ್ದಳು. ಎಸೆನ್ಸ್ ಸುರಿದು ಮಾಡಿದ್ದರೆ ಹೀಗಾಗುತ್ತದೆ: ಹಣ್ಣು ಮುಂದೆ ಓಡಿ ಬಂದು ಮುಖಕ್ಕೆ ಹೊಡೆಯುತ್ತದೆ, ಹಿಂದೆ ಏನೂ ಇರುವುದಿಲ್ಲ. ಅಸಲಿ ಹಣ್ಣಿನದ್ದು ತಡವಾಗಿ ಬರುತ್ತದೆ. ನನ್ನ ನಾಲಿಗೆ ಕಲಿತದ್ದು ಇಷ್ಟೇ, ಇಷ್ಟರಲ್ಲೇ ನಾನು ಆಮೇಲೆ ಎಲ್ಲ ಹಣ್ಣಿನ ಬೀರುಗಳನ್ನೂ ಅಳೆದದ್ದು.

ಟ್ರಾವರ್ಸ್ ಸಿಟಿ ತಲುಪಿದಾಗ ಕತ್ತಲು. ಮೋಟೆಲ್ ಸೇರಿ ಮಲಗಿದೆವು. ಬೆಳಿಗ್ಗೆ ಮೈನಸ್ 15. ಡಿಕ್ಕಿ ತೆಗೆದರೆ ಒಳಗೆ ಕಗ್ಗೆಂಪು ಬಣ್ಣದ ಗೋಳಾ. ಶಾಲೆಯ ಗೇಟಿನ ಹತ್ತಿರ ಬಣ್ಣದ ನೀರು ಹಾಕಿ ಕೊಡುತ್ತಿದ್ದರಲ್ಲ, ಥೇಟ್ ಅದೇ. ಆರರಲ್ಲಿ ನಾಲ್ಕು ಬಾಟಲಿ ಸೀಳಿದ್ದವು. ಐದನೆಯದರ ಮುಚ್ಚಳ ಮೇಲೆದ್ದು ಅದರ ಕೆಳಗಿನಿಂದ ನೊರೆ ಕೊಡೆಯ ಆಕಾರದಲ್ಲಿ ಹೆಪ್ಪುಗಟ್ಟಿತ್ತು. ಶೇ. 7 ಆಲ್ಕೋಹಾಲಿನ ಬೀರು ಕಲ್ಲಾಗಲು ಅಷ್ಟು ಚಳಿಯೇನೂ ಬೇಕಿಲ್ಲ ಎಂಬುದು ರಾತ್ರಿ ನನ್ನ ತಲೆಗೆ ಹೊಳೆಯಲಿಲ್ಲ. ಚಪ್ಪಲಿಯನ್ನು ರೂಮಿನೊಳಗೆ ತಂದಿದ್ದೆ, ಬೀರು ತಂದಿರಲಿಲ್ಲ. ಹೆಂಡತಿ ಏನೂ ಅನ್ನಲಿಲ್ಲ, ಡಿಕ್ಕಿಯ ಮ್ಯಾಟನ್ನು ಎರಡು ಬೆರಳಲ್ಲಿ ಎತ್ತಿ ಹಿಮದ ಮೇಲೆ ಹಾಸಿದಳು. ಬಿಳಿ ಹಿಮದ ಮೇಲೆ ಕೊಲೆ ಆದ ಜಾಗದ ಹಾಗೆ ಕಾಣುತ್ತಿತ್ತು. ಪಕ್ಕದ ಕಾರಿನವರು ಒಮ್ಮೆ ನೋಡಿ ಬೇಗ ಹೊರಟುಹೋದರು.

ಊರಿನಿಂದ ಉತ್ತರಕ್ಕೆ ಓಲ್ಡ್ ಮಿಷನ್ ಎಂಬ ನಾಲಿಗೆಯಂಥ ಭೂಮಿ ಮಿಷಿಗನ್ ಸರೋವರದ ಕೊಲ್ಲಿಯೊಳಕ್ಕೆ ಚಾಚಿಕೊಂಡಿದೆ. ಎರಡೂ ಕಡೆ ನೀರು, ಮಧ್ಯೆ ಒಂದೇ ರಸ್ತೆ, ತುದಿಯಲ್ಲಿ 1870ರ ಮರದ ದೀಪಸ್ತಂಭ. ಪೀಟರ್ ಡೌಹರ್ಟಿ ಎಂಬ ಪಾದ್ರಿ 1852ರಲ್ಲಿ ಇಲ್ಲಿ ಚೆರ್ರಿ ನೆಟ್ಟ. ಈಗ ಅಮೆರಿಕದ ಹುಳಿ ಚೆರ್ರಿಯಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಈ ಒಂದೇ ರಾಜ್ಯದ್ದು. ಸರೋವರದ ನೀರು ಬೇಗ ಬಿಸಿಯಾಗುವುದಿಲ್ಲ, ಹಾಗಾಗಿ ವಸಂತ ತಡವಾಗುತ್ತದೆ, ಮೊಗ್ಗು ತಡವಾಗಿ ಒಡೆಯುತ್ತದೆ, ಕೊನೆಯ ಮಂಜಿನಿಂದ ತಪ್ಪಿಸಿಕೊಳ್ಳುತ್ತದೆ. ನಾವು ನೋಡಿದ್ದು ಎಲೆಯಿಲ್ಲದ ಮರಗಳ ಸಾಲು ಮಾತ್ರ, ಬಿಳಿ ಹಾಳೆಯ ಮೇಲೆ ಸೀಸದಕಡ್ಡಿಯಲ್ಲಿ ಗೀಚಿದಂತೆ.

ತೋಟದ ಅಂಗಡಿಯೊಂದು ತೆರೆದಿತ್ತು. ಒಳಗಿದ್ದ ಮುದುಕ ಕೊಯ್ಲು ಹೇಗೆಂದು ಕೈಸನ್ನೆಯಲ್ಲೇ ತೋರಿಸಿದ: ಜುಲೈನಲ್ಲಿ ಯಂತ್ರ ಬಂದು ಮರದ ಬುಡ ಹಿಡಿದು ಕೆಲವೇ ಸೆಕೆಂಡು ಗಡಗಡ ಅಲ್ಲಾಡಿಸುತ್ತದೆ, ಹಣ್ಣು ಸುರಿದು ಕೆಳಗಿನ ತಾಡಪಾಲಿಗೆ ಬೀಳುತ್ತದೆ, ಅಲ್ಲಿಂದ ತಣ್ಣೀರಿನ ತೊಟ್ಟಿಗೆ. ಅಪ್ಪ ಒಂದೊಂದು ಅಡಿಕೆ ಮರಕ್ಕೂ ಕೊನೆಗೌಡನ ಕೈಕಾಲು ಹಿಡಿಯುವುದು ನೆನಪಾಯಿತು. ಹೊಟ್ಟೆ ಉರಿಯಿತು. ಮುದುಕನಿಗೂ ಉರಿಯ ಕಥೆ ಇತ್ತು. 2012ರಲ್ಲಿ ಮಾರ್ಚ್ ತಿಂಗಳಲ್ಲೇ ಬೇಸಿಗೆ ಬಂದು ಮೊಗ್ಗೆಲ್ಲ ಒಡೆದವಂತೆ. ಏಪ್ರಿಲ್‌ನಲ್ಲಿ ಮಂಜು ಬಿತ್ತು. ರಾಜ್ಯದ ಹುಳಿ ಚೆರ್ರಿ ಬೆಳೆಯಲ್ಲಿ ಶೇ. 90ರಷ್ಟು ಒಂದೇ ವಸಂತದಲ್ಲಿ ಹೋಯಿತು. ಹೇಳುವಾಗ ಆತ ನಮ್ಮ ಮುಖ ನೋಡಲಿಲ್ಲ, ಕಿಟಕಿಯಾಚೆ ತೋಟ ನೋಡುತ್ತಿದ್ದ. ಕೊಳೆರೋಗದ ವರ್ಷ ಅಪ್ಪ ಹೀಗೇ ನಿಂತಿರುತ್ತಿದ್ದರು.

ಫ್ರೀಜರ್‌ನಿಂದ ಒಂದು ಹಿಡಿ ಹಣ್ಣು ತೆಗೆದು ಕೊಟ್ಟ. ಒಂದು ಬಾಯಿಗೆ ಹಾಕಿಕೊಂಡೆ. ಮೊದಲು ಹಲ್ಲು ಜುಮ್ಮೆಂದಿತು, ಆಮೇಲೆ ಕಿವಿಯ ಬುಡದವರೆಗೂ ಹುಳಿ. ಹಸಿ ತಿನ್ನುವ ಹಣ್ಣಲ್ಲ ಇದು, ಹೆಚ್ಚಿನದ್ದೆಲ್ಲ ಪೈ, ಜ್ಯೂಸು, ಒಣಹಣ್ಣಿಗೇ ಹೋಗುತ್ತದೆ. ಬೀರಿಗೆ ಹೆಪ್ಪುಗಟ್ಟಿದ ಹಣ್ಣೇ ಒಳ್ಳೆಯದಂತೆ, ಒಳಗಿನ ನೀರು ಹಿಗ್ಗಿ ಹಣ್ಣಿನ ಒಡಲು ಒಡೆದಿರುವುದರಿಂದ ರಸ ಸಲೀಸಾಗಿ ಬಿಡುತ್ತದೆ. ಹೆಪ್ಪುಗಟ್ಟಿ ಒಡೆಯುವುದರ ಬಗ್ಗೆ ನನಗೆ ಅಂದು ಬೆಳಿಗ್ಗೆಯೇ ಪಾಠ ಆಗಿತ್ತು. ಹೆಂಡತಿಯೂ ಒಂದು ತಿಂದಳು. ಕಣ್ಣು ಮುಚ್ಚಿ, ಭುಜ ಕುಣಿಸಿ, "ಇನ್ನೊಂದು ಕೊಡ್ರಿ" ಅಂದಳು. ಎರಡು ಪೌಂಡು ಒಣ ಚೆರ್ರಿ ಕೊಂಡದ್ದು ಅವಳೇ.

ಆ ಸಂಜೆ ಊರಿನ ರೈಟ್ ಬ್ರೈನ್ ಬ್ರೂವರಿಗೂ ಹೋದೆವು. ಇಡಿಯಾದ ಚೆರ್ರಿ ಪೈಗಳನ್ನೇ ಹಂಡೆಗೆ ಹಾಕಿ ಬೀರು ಮಾಡುವವರು. ಅದು ಸ್ಟೌಟ್ ಅಲ್ಲ, ಹಾಗಾಗಿ ನನ್ನ ಲೆಕ್ಕಕ್ಕೆ ಬರುವುದಿಲ್ಲ. ಹಂದಿ ತಲೆ ಹಾಕಿಯೂ ಪೋರ್ಟರ್ ಎಂಬ ಇನ್ನೊಂದು ಕರಿ ಬೀರು ಮಾಡುತ್ತಾರೆಂದು ತಿಳಿದ ಮೇಲೆ ಹೆಂಡತಿ ಅಲ್ಲಿ ಏನನ್ನೂ ಮೂಸಲಿಲ್ಲ.

ವಾಪಸು ಬರುವಾಗ ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲಿ ಫೌಂಡರ್ಸ್ ಬ್ರೂವರಿ ಮುಂದೆ ಕಾರು ನಿಧಾನ ಮಾಡು ಅಂದೆ. "ಅಲ್ಲಿ ಹಣ್ಣಿನ ಸ್ಟೌಟ್ ಐತೇನ್ರಿ?" ಅವರ ಬ್ರೇಕ್‌ಫಾಸ್ಟ್ ಸ್ಟೌಟ್‌ನಲ್ಲಿ ಓಟ್ಸ್, ಚಾಕೊಲೇಟ್, ಕಾಫಿ ಇದೆ, ಹಣ್ಣಿಲ್ಲ ಎಂದು ನಿಜ ಹೇಳಿಬಿಟ್ಟೆ. ಕಾರು ನಿಧಾನವಾಗಲಿಲ್ಲ.

ಮನೆ ಸೇರಿದ ಮೇಲೆ ಉಳಿದಿದ್ದ ಆರನೇ ಬಾಟಲಿ ತೆಗೆದೆ. ಕರಗಿದ್ದರೂ ಗ್ಯಾಸೆಲ್ಲ ಹೋಗಿ ಸಪ್ಪೆಯಾಗಿತ್ತು. ಫ್ರಿಜ್ಜಿನಲ್ಲಿ ಹಣ್ಣಿಲ್ಲದ ಕಲಮಜೂ ಸ್ಟೌಟ್ ಒಂದಿತ್ತು. ಆಗ ಹೊಳೆಯಿತು: ಅಮ್ಮ ಕಳಿಸಿದ ಮುರುಗಲು ಸಿಪ್ಪೆ ಡಬ್ಬಿಯಲ್ಲಿದೆಯಲ್ಲ. ಲೋಟಕ್ಕೆ ತುಂಬ ಸ್ಟೌಟ್ ಸುರಿದು ಒಳ್ಳೆಯ ದಪ್ಪ ಸಿಪ್ಪೆ ಎರಡು ಆರಿಸಿ ಹಾಕಿದೆ.

ಅಮ್ಮ ಅದನ್ನು ಉಪ್ಪು ಬೆರೆಸಿ ಒಣಗಿಸುತ್ತಾಳೆ. ಬೀರಿಗೆ ಉಪ್ಪು ಬಿದ್ದರೆ ಏನಾಗುತ್ತದೆಂದು ಕಾಲೇಜು ಹಾಸ್ಟೆಲ್ಲಿನಲ್ಲಿದ್ದ ಯಾರಿಗಾದರೂ ಗೊತ್ತು. ನೊರೆ ಬುಸ್ಸೆಂದು ಎದ್ದು, ಲೋಟ ದಾಟಿ, ಮೇಜು ದಾಟಿ, ಅವಳ ಒಣ ಚೆರ್ರಿ ಪೊಟ್ಟಣದ ಅಡಿಯವರೆಗೂ ಹರಿಯಿತು. ತಳದಲ್ಲಿ ಉಳಿದ ನಾಲ್ಕು ಗುಟುಕು ಬೀರನ್ನು ಬಾಯಿಗೆ ಹಾಕಿಕೊಂಡೆ. ಹುರಿಹಿಟ್ಟು, ಕಹಿ, ಆಮೇಲೆ ತಡವಾಗಿ, ಬಹಳ ತಡವಾಗಿ, ನಮ್ಮ ಮನೆಯ ಸಾರು. ಲೋಟವನ್ನು ಅವಳ ಕಡೆ ಚಾಚಿದೆ. ಒಂದು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದೇ ಬಗ್ಗಿ ಮೂಸಿದಳು.

"ಇಂಗು ಒಂದು ಕಡಿಮಿ ಐತಿ," ಅಂದು ಮೇಜು ಒರೆಸತೊಡಗಿದಳು.